ಕಾಫಿ ಕಣದ ದೂಳು, ಕೆಂಪು ಕಣ್ಣು ಮತ್ತು ಮೂರು ದಿನದ ಹನಿ

ಜನವರಿ ಬಂತೆಂದರೆ ಕೊಡಗಿನ ತೋಟಗಳಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಭರದಿಂದ ಸಾಗುತ್ತದೆ. ಕಣದಲ್ಲಿ ಒಣಗಲು ಹರವಿದ ಹಣ್ಣನ್ನು ದಿನವಿಡೀ ಕೆದಕಿ ತಿರುವಿ ಹಾಕುವವರ ಕಣ್ಣಿಗೆ ಹಗಲಿನ ಬಿಸಿಲು, ದೂಳು, ಸಂಜೆಯ ಸೌದೆ ಒಲೆಯ ಹೊಗೆ ಎಲ್ಲವೂ ಒಟ್ಟಿಗೆ ಬಡಿಯುತ್ತವೆ. ಗೋಣಿಕೊಪ್ಪಲಿನಲ್ಲಾಗಲಿ ಸೋಮವಾರಪೇಟೆಯಲ್ಲಾಗಲಿ ಔಷಧ ಅಂಗಡಿಯ ಮುಂದೆ ನಿಂತರೆ "ಅಣ್ಣ, ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ" ಎಂಬ ಮಾತು ಈ ದಿನಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೆ ಕೈಗೆ ಬಂದ ಬಾಟಲಿಯಲ್ಲಿ ಇರುವುದೇನು ಎಂದು ಕೇಳುವವರು ಕಡಿಮೆ; ಅದನ್ನು ಕೇಳಲೇಬೇಕೆಂಬುದು ನನ್ನ ಕಳಕಳಿ.

ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ನಾಫಜೋಲಿನ್, ಟೆಟ್ರಾಹೈಡ್ರೋಜೋಲಿನ್ ಅಥವಾ ಫಿನೈಲೆಫ್ರಿನ್ ಎಂಬ ಹೆಸರಿದ್ದರೆ ಅದು ಕಣ್ಣಿನ ಬಿಳಿಭಾಗದ ಮೇಲೆ ಹಬ್ಬಿರುವ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವ ಹನಿ. ನಮ್ಮಲ್ಲಿ ನಾಫಜೋಲಿನ್ ಸಾಮಾನ್ಯವಾಗಿ ಅಲರ್ಜಿಯ ಔಷಧವಾದ ಕ್ಲೋರ್ಫೆನಿರಮೈನ್ ಜೊತೆಗೂ, ಕೆಲವು ಬಾಟಲಿಗಳಲ್ಲಿ ತಂಪೆನಿಸುವ ಮೆಂಥಾಲ್ ಮತ್ತು ಕರ್ಪೂರದ ಜೊತೆಗೂ ಬೆರೆತು ಬರುತ್ತದೆ. ಬಿಟ್ಟ ಕೆಲವೇ ನಿಮಿಷಗಳಲ್ಲಿ ಕೆಂಪು ಇಳಿಯುತ್ತದೆ, ಕೆಲವು ಗಂಟೆ ಕಣ್ಣು ಬೆಳ್ಳಗೆ ಕಾಣುತ್ತದೆ. ಆದರೆ ಕೆಂಪಾಗಲು ಕಾರಣವಾದ ದೂಳು, ಸೋಂಕು ಅಥವಾ ಗಾಯ ಇದ್ದಲ್ಲೇ ಇರುತ್ತದೆ. ದಿನಗಟ್ಟಲೆ ಬಿಡುತ್ತಾ ಹೋದರೆ ಔಷಧದ ಬಲ ಇಳಿದೊಡನೆ ರಕ್ತನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ, ಕಣ್ಣು ಇನ್ನಷ್ಟು ಕೆಂಪಾಗುತ್ತದೆ, ಅದನ್ನು ಇಳಿಸಲು ಮತ್ತೆ ಹನಿ ಬೇಕಾಗುತ್ತದೆ. ಕೊಯ್ಲು ಮುಗಿಯುವವರೆಗೂ ಬಾಟಲಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳುವವರು ಸಿಕ್ಕಿಬೀಳುವುದು ಈ ಸುಳಿಗೆ. ಆದ್ದರಿಂದ ದಿನಕ್ಕೆ ಹೆಚ್ಚೆಂದರೆ 4 ಸಲ, ಒಟ್ಟು 3 ದಿನ. ಅಷ್ಟರಲ್ಲಿ ಗುಣವಾಗದಿದ್ದರೆ ಹನಿ ನಿಲ್ಲಿಸಿ ವೈದ್ಯರಿಗೆ ಕಣ್ಣು ತೋರಿಸಬೇಕು.

ಈ ಹನಿಗಳು ಕಣ್ಣಿನ ಪಾಪೆಯನ್ನೂ ಸ್ವಲ್ಪ ಹಿಗ್ಗಿಸಬಲ್ಲವು. ಕಿರಿದಾದ ಕೋನದ ಗ್ಲಾಕೋಮಾ (ಕಣ್ಣಿನೊಳಗಿನ ದ್ರವ ಹೊರಹೋಗುವ ದಾರಿ ಇಕ್ಕಟ್ಟಾಗಿರುವ ಕಾಯಿಲೆ) ಇರುವವರಲ್ಲಿ ಅಷ್ಟರಿಂದಲೇ ಕಣ್ಣಿನೊಳಗಿನ ಒತ್ತಡ ತಟ್ಟನೆ ಏರಿ ದೃಷ್ಟಿಗೇ ಕುತ್ತು ಬರಬಹುದಾದ್ದರಿಂದ ಅವರು ಇವನ್ನು ಬಳಸಲೇಬಾರದು. ಬಿ.ಪಿ., ಹೃದ್ರೋಗ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರುವ ಹಿರಿಯರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು.

ಬಿಡುವ ಕ್ರಮವೂ ಮುಖ್ಯ. ಕೈಯನ್ನು ಸೋಪು ಹಾಕಿ ತೊಳೆದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆಳೆದಾಗ ಅಲ್ಲೊಂದು ಪುಟ್ಟ ಜೇಬಿನಂಥ ಜಾಗ ತೆರೆದುಕೊಳ್ಳುತ್ತದೆ. ಬಾಟಲಿಯ ತುದಿ ರೆಪ್ಪೆಗೂ ರೋಮಕ್ಕೂ ತಾಗದಂತೆ ಅಲ್ಲಿಗೆ ಒಂದೇ ಹನಿ ಬಿಡಬೇಕು. ಕಣ್ಣು ಹಿಡಿದಿಟ್ಟುಕೊಳ್ಳುವುದು ಅಷ್ಟನ್ನೇ, ಎರಡನೆಯದು ಕೆನ್ನೆಗೆ ಹರಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧ ಮೂಗಿಗೂ ರಕ್ತಕ್ಕೂ ಇಳಿಯುವುದು ಕಡಿಮೆಯಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲೇ ಅದನ್ನು ತೆಗೆದಿಟ್ಟು, ಹನಿ ಬಿಟ್ಟ ಮೇಲೆ 15 ನಿಮಿಷವಾದರೂ ಕಾಯಬೇಕು. ಕಣ್ಣು ಇನ್ನೂ ಕೆಂಪಾಗಿದ್ದರೆ ಲೆನ್ಸ್ ಹಾಕದಿರುವುದೇ ಸರಿ. ನಮ್ಮ ಮನೆಯಲ್ಲಿ ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಪೆನ್ನಿನಿಂದ ಬರೆದಿಟ್ಟು, ತಿಂಗಳಾದೊಡನೆ ಎಸೆಯುತ್ತೇವೆ.

ತೋಟದ ಕೆಲಸದಲ್ಲಿ ಕೆಂಪಾಗುವ ಎಲ್ಲ ಕಣ್ಣುಗಳಿಗೂ ಈ ಹನಿ ಸಲ್ಲುವುದಿಲ್ಲ. ಕಳೆ ಕೊಚ್ಚುವ ಯಂತ್ರದಿಂದ ಸಿಡಿದ ಚೂರು ಹೊಕ್ಕಿದ್ದರೆ, ರೆಂಬೆಯ ತುದಿ ಚುಚ್ಚಿದ್ದರೆ, ನೋವು, ದೃಷ್ಟಿ ಮಂಜಾಗುವುದು, ಬೆಳಕು ನೋಡಲಾಗದ ಸ್ಥಿತಿ ಇದ್ದರೆ ಕಣ್ಣನ್ನು ಉಜ್ಜದೆ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಗಿಡದಿಂದಾದ ಗಾಯದಲ್ಲಿ ಶಿಲೀಂಧ್ರ ಬೆಳೆದು ಕರಿಗುಡ್ಡೆಯ ಮೇಲೆ ಹುಣ್ಣಾಗಬಹುದು. ಅಂಥ ಕಣ್ಣಿಗೆ ಮನೆಯಲ್ಲಿ ಯಾರಿಗೋ ಬರೆದುಕೊಟ್ಟು ಉಳಿದಿದ್ದ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಹನಿ ಬಿಟ್ಟರೆ ಹುಣ್ಣು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವಾಗ ಅದು ಕಣ್ಣಿಗೆ ಸಿಡಿದರೆ ಅದರೊಳಗಿನ ಸುಣ್ಣ ಕಣ್ಣನ್ನು ಸುಡುತ್ತದೆ. ಬೇರೇನನ್ನೂ ಯೋಚಿಸದೆ ಶುದ್ಧ ನೀರನ್ನು ಕನಿಷ್ಠ 15–20 ನಿಮಿಷ ಹರಿಸಿ, ನಂತರ ಆಸ್ಪತ್ರೆಗೆ ಓಡಬೇಕು. 2023ರ ಮಳೆಗಾಲದಲ್ಲಿ ರಾಜ್ಯದಲ್ಲಿ ಹರಡಿದ ಮದ್ರಾಸ್ ಐ ಎಂಬ ಅಂಟು ಕಣ್ಣುಬೇನೆಗೂ ರಕ್ತನಾಳ ಕುಗ್ಗಿಸುವ ಹನಿ ಮದ್ದಲ್ಲ.

ಬರೀ ದೂಳು, ಹೊಗೆಯ ಉರಿಯಾದರೆ ಶುದ್ಧ ತಣ್ಣೀರಿನಲ್ಲಿ ಅದ್ದಿದ ಬಟ್ಟೆ, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರಿನ ಹನಿ, ಕಣದಲ್ಲಿ ನಿಲ್ಲುವಾಗ ಕಣ್ಣಿನ ಪಕ್ಕವನ್ನೂ ಮುಚ್ಚುವ ಕನ್ನಡಕ, ಇಷ್ಟೇ ಬಹುಪಾಲು ಸಾಕಾಗುತ್ತದೆ.

ಇನ್ನೊಂದು ಮಾತನ್ನು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಪುಟ್ಟ ಮಕ್ಕಳಿರುವ ತಾಯಂದಿರಿಗೆ ಹೇಳಲೇಬೇಕು. ನಾಫಜೋಲಿನ್ ಅಥವಾ ಟೆಟ್ರಾಹೈಡ್ರೋಜೋಲಿನ್ ಹನಿಯನ್ನು 1–2 ಮಿಲಿಲೀಟರ್ ನುಂಗಿದರೂ ಮಗುವಿಗೆ ವಿಪರೀತ ತೂಕಡಿಕೆ ಬಂದು, ಎದೆಬಡಿತವೂ ಉಸಿರೂ ನಿಧಾನವಾಗಬಹುದು. ಮಗು ಹನಿ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನೂ ಕೈಯಲ್ಲಿ ಹಿಡಿದು ಕೂಡಲೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.