ಬೆಂಕಿಬೆಟ್ಟದ ಹಿಮ ಯಾವ ಬಿಸಿಗೆ ಕರಗುತ್ತಿದೆ?

ನಾನಿರುವ ಬೆಲ್ಲಿಂಗ್‌ಹ್ಯಾಮ್ ಊರು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರದಲ್ಲಿದೆ. ಮೋಡವಿಲ್ಲದ ದಿನ ಇಲ್ಲಿಂದ 3,286 ಮೀಟರ್ ಎತ್ತರದ ಮೌಂಟ್ ಬೇಕರ್ ಎಂಬ ಜ್ವಾಲಾಮುಖಿ ಬೆಳ್ಳಗೆ ಕಾಣುತ್ತದೆ. ಈಚೆಗೆ ಬೇಸಿಗೆ ಮುಗಿಯುವ ಹೊತ್ತಿಗೆ ಆ ಬಿಳುಪು ಬಹಳಷ್ಟು ಹೋಗಿರುತ್ತದೆ; ಮೇಲಿನ ಹಿಮ ಕರಗಿ, ಅಡಿಯ ಹಳೆಯ ಮಂಜುಗಡ್ಡೆ ಕಲ್ಲುಪುಡಿ ಮೆತ್ತಿಕೊಂಡು ಬೂದುಬಣ್ಣಕ್ಕೆ ತಿರುಗಿರುತ್ತದೆ, ಬಿರುಕುಗಳ ಒಳಗೆ ಮಾತ್ರ ನೀಲಿ ಉಳಿದಿರುತ್ತದೆ. ರಜೆಗೆ ತೀರ್ಥಹಳ್ಳಿಗೆ ಬಂದಾಗ ಈ ಚಿತ್ರಗಳನ್ನು ನೋಡಿದ ದೊಡ್ಡಪ್ಪ, "ಬೆಂಕಿ ಉಗುಳೋ ಗುಡ್ಡ ಅಂತೀಯಲ್ಲ ಮಾರಾಯ, ಒಳಗಿನ ಬಿಸಿಗೇ ಕರಗಿರ್ಬೇಕು" ಎಂದರು. ಊರಿನ ಇನ್ನೂ ಕೆಲವರ ಅನುಮಾನ ಅದೇ ಆಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅನುಮಾನಕ್ಕೆ ಆಧಾರವಿಲ್ಲದಿಲ್ಲ. 1975ರ ಮಾರ್ಚ್‌ನಲ್ಲಿ ಈ ಬೆಟ್ಟದ ಶರ್ಮನ್ ಕುಳಿಯಿಂದ ಇದ್ದಕ್ಕಿದ್ದಂತೆ ಕಪ್ಪುಛಾಯೆಯ ಹಬೆ ದಟ್ಟವಾಗಿ ಏಳತೊಡಗಿತು. ಕುಳಿಯಿಂದ ಹೊರಬೀಳುವ ಶಾಖ ಸುಮಾರು ಹತ್ತು ಪಟ್ಟು ಹೆಚ್ಚಿ, ಒಳಗಿನ ಮಂಜುಗಡ್ಡೆ ಕುಸಿದು ಕರಗಿತು. ಹಬೆಯಿಂದ ಮೆತ್ತಗಾದ ಬಂಡೆ ಜರಿದು ಕೆಸರಿನ ಪ್ರವಾಹವಾಗಿ ಕೆಳಗಿನ ಜಲಾಶಯಕ್ಕೆ ನುಗ್ಗಬಹುದೆಂದು ಆ ಬೇಸಿಗೆಯಲ್ಲಿ ನೀರಿನ ಮಟ್ಟವನ್ನೇ ಇಳಿಸಿದರು. ಸ್ಫೋಟ ಆಗಲಿಲ್ಲ. ಅತಿಯಾದ ಎಚ್ಚರವೆಂದು ಅದನ್ನು ನಗುವಂತಿಲ್ಲ: ಹತ್ತೇ ವರ್ಷಗಳ ಬಳಿಕ, 1985ರಲ್ಲಿ, ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿಯ ಸಾಧಾರಣ ಸ್ಫೋಟವೊಂದು ಶಿಖರದ ಹಿಮವನ್ನು ಕರಗಿಸಿ ಹರಿಸಿದ ಕೆಸರು ಸುಮಾರು 23,000 ಜನರನ್ನು ಬಲಿ ತೆಗೆದುಕೊಂಡಿತು.

ಆದರೆ ಅಡಿಯಿಂದ ಬರುವ ಬಿಸಿಯ ಗುರುತೇ ಬೇರೆ. ಅದು ಹಬೆ ಬರುವ ಜಾಗದ ಸುತ್ತ ಗುಂಡಿ ತೋಡುತ್ತದೆ, ಅಲ್ಲಿಯ ಮಂಜುಗಡ್ಡೆಯನ್ನು ಕುಸಿಯುವಂತೆ ಮಾಡುತ್ತದೆ. ಇಡೀ ಬೆಟ್ಟದ ಇಳಿಜಾರುಗಳನ್ನು ಒಟ್ಟಿಗೆ ಬೋಳಿಸುವುದಿಲ್ಲ. ಈಗ ಕಾಣುತ್ತಿರುವುದು ಹಾಗೆ ಇಳಿಜಾರುಗಳೆಲ್ಲ ಒಟ್ಟಿಗೆ ಬೋಳಾಗುವ ಬಗೆ. ನನ್ನ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಪಕ್ಕದ ಮೌಂಟ್ ಶಕ್ಸನ್. ಅದು ಜ್ವಾಲಾಮುಖಿಯೇ ಅಲ್ಲ, ಆದರೂ ಅದರ ಹಿಮನದಿಗಳೂ, ಅಂದರೆ ಇಳಿಜಾರಿನಲ್ಲಿ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿಗಳೂ, ಕುಗ್ಗುತ್ತಿವೆ.

"ಅಲ್ಲಿ ಹಿಮ ಬೀಳೋದೇ ಕಮ್ಮಿಯಾಯ್ತಾ?" ಎಂಬುದು ದೊಡ್ಡಪ್ಪನವರ ಮುಂದಿನ ಪ್ರಶ್ನೆ. ಆಗುಂಬೆಯ ಮಳೆ ಕಂಡವರು ಹಾಗೆ ಕೇಳುವುದು ಸಹಜ. 1998–99ರ ಚಳಿಗಾಲದಲ್ಲಿ ಬೇಕರ್‌ನ ಸ್ಕೀ ತಾಣದಲ್ಲಿ 95 ಅಡಿ ಹಿಮ ಬಿದ್ದು ದಾಖಲೆಯಾಗಿತ್ತು. ಆದರೆ ಹಿಮನದಿಯ ಲೆಕ್ಕ ಅಡಿಕೆ ತೋಟದ ಜಮಾ-ಖರ್ಚಿನಂತೆ, ಬಂದದ್ದನ್ನು ಮಾತ್ರ ನೋಡಿದರೆ ಏನೂ ತಿಳಿಯದು; ಬೇಸಿಗೆಯಲ್ಲಿ ಕರಗಿ ಹೋದದ್ದನ್ನೂ ನೋಡಬೇಕು. 2021ರ ಜೂನ್ ಕೊನೆಯಲ್ಲಿ ಈ ಭಾಗವನ್ನೆಲ್ಲ ಆವರಿಸಿದ ಬಿಸಿಗಾಳಿ ಕೆನಡಾದ ಲಿಟನ್‌ನಲ್ಲಿ 49.6 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಂಥ ಬಿಸಿ ಮೇಲಿನ ಬಿಳಿ ಹಿಮವನ್ನು ಬೇಗ ತೆಗೆದುಬಿಟ್ಟರೆ, ಅಡಿಯ ಕಪ್ಪು ಮಂಜುಗಡ್ಡೆ ಹೆಚ್ಚು ಬಿಸಿಲು ಹೀರಿ ಬೇಸಿಗೆಯುದ್ದಕ್ಕೂ ಕರಗುತ್ತಲೇ ಇರುತ್ತದೆ.

ಮಕ್ಕಳನ್ನು ನೋಡಲು ಈ ಕಡೆ ಬರುವ ಅಪ್ಪ-ಅಮ್ಮಂದಿರು ಆಗಸ್ಟ್ ಕೊನೆಯಲ್ಲಿ ಆರ್ಟಿಸ್ಟ್ ಪಾಯಿಂಟ್‌ಗೆ ಹೋಗಬಹುದು. ರಸ್ತೆ ತೆರೆದಿದ್ದರೆ ಕಾರು ಅಲ್ಲಿಯವರೆಗೂ ಹೋಗುತ್ತದೆ, ಎರಡು ಬೆಟ್ಟಗಳನ್ನೂ ನಿಂತಲ್ಲಿಯೇ ಹೋಲಿಸಿ ನೋಡಬಹುದು.