ಗೂಟದ ಮೇಲಿನ ಹಲಸು

ಜೂನ್ ತಿಂಗಳ ಎರಡನೇ ಮಂಗಳವಾರ, ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಅಂಗನವಾಡಿ. ಗಂಟೆ 9.30. ಜಗಲಿಯಲ್ಲಿ ನೀರು ತೊಟ್ಟಿಕ್ಕುವ ಕೊಡೆಗಳು, ಒಳಗೆ ಅಳು. ಹೊಸ ಮಕ್ಕಳು ಬರತೊಡಗಿ ವಾರವಾಗಿತ್ತಷ್ಟೆ. ಟೀಚರ್, ಹೆಲ್ಪರ್ ಸೇರಿದರೆ ಇರುವುದು ನಾಲ್ಕೇ ಕೈ. ಹಾಗಾಗಿ ಮೊದಲ ಹದಿನೈದು ದಿನ ಈ ಕೆಲಸ ಮಾಡಿ ಗೊತ್ತಿರುವ ಹಳಬರು ಯಾರಾದರೂ ಹೋಗಿ ಕೂರುವುದುಂಟು. ಹಾಗೆ ನಾನು ಹೋಗಿ ಕೂತಿದ್ದ ದಿನ ಅದು.

ಮಕ್ಕಳ ಹೆಸರು ಇಲ್ಲಿ ಬೇಡ, ಗೂಟದ ಮೇಲಿನ ಚಿತ್ರ ಸಾಕು. ಗೋಡೆಯ ಹಲಗೆಯಲ್ಲಿ 17 ಗೂಟಗಳಿವೆ, ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ. ದೊಡ್ಡವರ ಭುಜದ ಅಳತೆಗೆ ಹೊಡೆದರೆ ಬ್ಯಾಗು ತೂಗುಹಾಕುವುದು ತಾಯಿಯ ಕೆಲಸವಾಗಿಬಿಡುತ್ತದೆ. ಪ್ರತಿ ಗೂಟದ ಮೇಲೆ ಒಂದು ಚಿತ್ರ: ಕಾಗೆ, ಏಡಿ, ಕೊಡೆ, ಹಲಸು, ಆಟೋ. ಮೊದಲ ದಿನ ಮಗುವೇ ಆರಿಸಬೇಕು. ಈ ಸಲ ಮೂವರಿಗೆ ಆಟೋವೇ ಬೇಕಾಗಿತ್ತು. ಜಗಳ ಬಿಡಿಸಲು ಹೋಗದೆ ಹಳದಿ ಆಟೋ, ಹಸಿರು ಆಟೋ, ಕೆಂಪು ಆಟೋ ಅಂತ ಮೂರು ಬರೆದದ್ದು ಒಳ್ಳೆಯದಾಯಿತು, ಬಣ್ಣದ ಪಾಠ ಅಲ್ಲೇ ಮುಗಿಯಿತು. ಚಿತ್ರದ ಕೆಳಗೆ ಹೆಸರನ್ನೂ ಬರೆದಿಡಬೇಕು. ಓದಲಿ ಎಂದಲ್ಲ, ದಿನಾ ಬ್ಯಾಗು ಹಾಕುವಾಗ ಕಣ್ಣಿಗೆ ಬಿದ್ದೂ ಬಿದ್ದೂ ದೀಪಾವಳಿ ಹೊತ್ತಿಗೆ ತನ್ನ ಹೆಸರಿನ ಆಕಾರ ಗುರುತಾಗಿರುತ್ತದೆ. ಕಾಗದದಲ್ಲಿ ಬರೆದು ಸೆಲ್ಲೋಟೇಪು ಹಚ್ಚಬೇಡಿ. ನಮ್ಮ ಮಳೆಯ ತಂಪಿಗೆ ನಾಲ್ಕೇ ದಿನದಲ್ಲಿ ಎದ್ದು ಬರುತ್ತದೆ, ಎದ್ದ ಚಿತ್ರ ಹರಿದರೆ ಅದರ ಮಗು ಗೂಟದ ಹತ್ತಿರವೇ ನಿಂತು ಅಳುತ್ತದೆ. ಹಲಗೆಗೇ ಪೈಂಟಿನಲ್ಲಿ ಬರೆಸುವುದು ಲೇಸು.

ಹಲಸಿಗೆ ಮೂರೂವರೆ ವರ್ಷ. ಆರು ದಿನದಿಂದ ಬಾಗಿಲ ಬಳಿಯೇ ಕೂತಿದ್ದಾಳೆ. ಅಜ್ಜಿ ಬಿಟ್ಟುಹೋಗುತ್ತಾರೆ, ಸಂಜೆ ಕರೆದೊಯ್ಯುತ್ತಾರೆ. ನಡುವೆ ಒಂದೇ ಮಾತು, ಅದೂ ಬಿಕ್ಕಳಿಕೆಯ ನಡುವೆ. ಟೀಚರಿಗೆ ಕೇಳಿಸಿದ್ದು "ಅಮ್ಮ". "ಅಮ್ಮ ಈಗ ಬರ್ತಾರೆ ಮಗಾ, ಅಮ್ಮ ಬರ್ತಾರೆ" ಎಂದು ಅವರು ಸಮಾಧಾನ ಹೇಳಿದಷ್ಟೂ ಅಳು ಏರುತ್ತಿತ್ತು. ಟೀಚರ್ ಇದೇ ಜಿಲ್ಲೆಯ ಹೊಸದುರ್ಗದ ಕಡೆಯಿಂದ ಮದುವೆಯಾಗಿ ಬಂದವರು. ಮಲಯಾಳ, ಕನ್ನಡ ಎರಡೂ ಸಲೀಸು, ತುಳು ಮಾತ್ರ ಬಾರದು. ಅಡುಗೆಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಲ್ಪರ್ ಅಕ್ಕ ಒಂದು ಕ್ಷಣ ಕಿವಿಗೊಟ್ಟು ನಕ್ಕುಬಿಟ್ಟರು. "ಅಮ್ಮ ಅಲ್ಲ ಟೀಚರೇ, ಅಮ್ಮೆರ್. ಅಪ್ಪನನ್ನು ಕೇಳ್ತಾ ಇದ್ದಾಳೆ."

ತುಳುವಿನಲ್ಲಿ ಅಮ್ಮೆ ಅಂದರೆ ತಂದೆ, ಅಪ್ಪೆ ಅಂದರೆ ತಾಯಿ. ಈಗಿನ ಮನೆಗಳಲ್ಲಿ ಪಪ್ಪ, ಮಮ್ಮಿ ಬಂದು ಈ ಗೊಂದಲ ಕಡಿಮೆಯಾಗಿದೆ, ಆದರೆ ಅಜ್ಜಿಯ ಮಡಿಲಲ್ಲಿ ಬೆಳೆದ ಮಗುವಿನ ಬಾಯಲ್ಲಿ ಹಳೆಯ ಮಾತೇ ಬರುತ್ತದೆ. ಆರು ದಿನದಿಂದ ಅವಳು ಒಬ್ಬರನ್ನು ಕೇಳುತ್ತಿದ್ದಳು, ನಾವು ಇನ್ನೊಬ್ಬರನ್ನು ತರುತ್ತೇವೆ ಎನ್ನುತ್ತಿದ್ದೆವು. ಅಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದರು: "ಒಣಸ್ ಮಲ್ತ್‌ದ್, ಜೆತ್‌ದ್ ಲಕ್ಕ್‌ನಗ ಬರ್ಪೆರ್." ಊಟ ಮಾಡಿ, ಮಲಗಿ ಏಳುವಾಗ ಬರುತ್ತಾರೆ. ಅಜ್ಜಿ ಇನ್ನೂ ಜಗಲಿಯಲ್ಲೇ ಇದ್ದರು. ಇವತ್ತು ಅಪ್ಪನನ್ನೇ ಕಳಿಸಬೇಕು ಅಂತ ಅವರಿಗೂ ಹೇಳಿಯಾಯಿತು, ಮಾತು ಕೊಟ್ಟ ಮೇಲೆ ನಡೆಯಬೇಕಲ್ಲ.

ಆ ಉತ್ತರದ ಕಟ್ಟನ್ನೂ ಗಮನಿಸಬೇಕು. "ಮೂರೂವರೆಗೆ ಬರ್ತಾರೆ" ಎಂದರೆ ಮೂರು ವರ್ಷದ ಮಗುವಿಗೆ ಏನೂ ತಿಳಿಯದು. ಗಡಿಯಾರ ಗೊತ್ತಿಲ್ಲದಿದ್ದರೂ ಒಂದಾದ ಮೇಲೊಂದು ಗೊತ್ತು. ಕೈ ತೊಳೆಯುವುದು, ಊಟ, ಚಾಪೆ, ಆಮೇಲೆ ಅಪ್ಪ. ಈ ಸಾಲು ದಿನಾ ತಪ್ಪದೆ ಹಾಗೇ ನಡೆಯಬೇಕು, ಒಂದು ದಿನ ಮಲಗಿಸದೆ ಬಿಟ್ಟರೂ ಮಗುವಿನ ಲೆಕ್ಕ ತಪ್ಪುತ್ತದೆ. ಇನ್ನು, ತಾಯಂದಿರು ಕಣ್ಣು ತಪ್ಪಿಸಿ ಓಡುವುದು ಇದೆಯಲ್ಲ, ಅಷ್ಟು ಕೆಟ್ಟ ಉಪಾಯ ಬೇರೆ ಇಲ್ಲ. ಆ ದಿನದ ಅಳು ತಪ್ಪೀತು, ಮರುದಿನದಿಂದ ಮಗು ಬಾಗಿಲು ಕಾಯಲು ಕೂರುತ್ತದೆ. ಮೊದಲ ದಿನ ಒಳಗೆ ಒಂದು ಗಂಟೆ ಜೊತೆಗಿದ್ದು, ಎರಡನೆಯ ದಿನ ಜಗಲಿಯಲ್ಲಿ ಕೂತು, ಮೂರನೆಯ ದಿನ ಹೇಳಿಯೇ ಹೊರಡಬೇಕು. ತಾಯಿಯ ಹಳೆಯ ಬೈರಾಸು (ಟವೆಲು) ಬ್ಯಾಗಿನಲ್ಲಿದ್ದರೆ ಒಳ್ಳೆಯದು. ಒಗೆಯದೆ ಕಳಿಸಿ ಅಂತ ಹೇಳಬೇಕು, ಮಗುವಿಗೆ ಬೇಕಾಗಿರುವುದು ಅದರ ವಾಸನೆ.

ಕೈ ತೊಳೆಸುವ ಕೆಲಸ ಸಣ್ಣದೆನಿಸಿದರೂ ಮಕ್ಕಳು ಬಿದ್ದು ಗಾಯವಾಗುವುದು ಹೆಚ್ಚಾಗಿ ಅಲ್ಲೇ. 17 ಮಕ್ಕಳನ್ನು ಒಮ್ಮೆಗೇ ನಳ್ಳಿಯ ಮುಂದೆ ನಿಲ್ಲಿಸಿದರೆ ಹದಿನೈದು ನಿಮಿಷ ನೂಕಾಟ, ಪಾಚಿಗಟ್ಟಿದ ಅಂಗಳದಲ್ಲಿ ಜಾರಾಟ. ನಾಲ್ಕು ನಾಲ್ಕು ಮಂದಿಯನ್ನೇ ಕಳಿಸಬೇಕು. ಸಾಬೂನನ್ನು ಹಳೆಯ ಕಾಲುಚೀಲದಲ್ಲಿ ಹಾಕಿ ನಳ್ಳಿಗೆ ಕಟ್ಟಿದರೆ ಮಣ್ಣಿಗೆ ಬೀಳುವುದಿಲ್ಲ. ಉಜ್ಜುವುದು ಇಪ್ಪತ್ತು ಎಣಿಸುವವರೆಗೆ. ಎಣಿಸುವವರು ಹಿಂದೆ ನಿಂತ ಮಗು. ಹಳದಿ ಆಟೋ ಹದಿಮೂರರಿಂದ ನೇರ ಹದಿನೆಂಟಕ್ಕೆ ಹಾರುತ್ತಾನೆ, ಕಾಗೆ ಬಿಡುವುದಿಲ್ಲ, ಮೊದಲಿನಿಂದ ಹೇಳಿಸುತ್ತಾಳೆ. ಅಷ್ಟು ಹೊತ್ತು ಏಡಿಯ ಕೈ ಚೆನ್ನಾಗಿ ತೊಳೆದುಹೋಗುತ್ತದೆ.

ಆಟದ ಸಾಮಾನಿಗೆ ನಮ್ಮೂರಲ್ಲಿ ಬರವಿಲ್ಲ, ಆದರೆ ಆರಿಸಿ ತರಬೇಕು. ಮನೆಯಿಂದ ಮಕ್ಕಳು ಮಂಜೊಟ್ಟಿ ಬೀಜ ತರುತ್ತಾರೆ, ಕೆಂಪಗೆ ಚೆಂದ. ಮೂಗಿಗೆ ಹೋಗುವ ಗಾತ್ರ, ಬೇಡ. ಗುಲಗಂಜಿಯನ್ನಂತೂ ಒಳಗೇ ಬಿಡಬಾರದು, ಅಗಿದು ನುಂಗಿದರೆ ವಿಷ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಅಳತೆಗೆ ಒಂದೂಕಾಲು ಇಂಚಿನ ಪೈಪಿನ ತುಂಡು ಇಟ್ಟುಕೊಂಡರೆ ಸಾಕು, ಅದರೊಳಗೆ ತೂರಿಹೋಗುವುದೆಲ್ಲ ಡಬ್ಬದಿಂದ ಹೊರಗೆ. ಈ ಪರೀಕ್ಷೆಯಲ್ಲಿ ಪಾಸಾಗುವುದು ಗೆರಟೆ, ಅಂದರೆ ತೆಂಗಿನ ಚಿಪ್ಪು.

ಗೆರಟೆಯ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ನಾರು ಕೆರೆದು, ಸಣ್ಣದು ದೊಡ್ಡದು ಸೇರಿಸಿ ಹತ್ತು-ಹನ್ನೆರಡು ಮಾಡಿಟ್ಟರೆ ವರ್ಷ ಸಾಕಾಗುತ್ತದೆ. ಆ ದಿನ ಎರಡು ಬೋಗುಣಿ ನೀರು, ಕೆಳಗೆ ಗೋಣಿ, ಸುತ್ತ ಐದು ಮಕ್ಕಳು. ದೊಡ್ಡ ಗೆರಟೆ ತುಂಬಲು ಸಣ್ಣದರಲ್ಲಿ ಎಷ್ಟು ಸಲ ಹೊಯ್ಯಬೇಕು ಅನ್ನುವುದು ಆಟ. ಕೊಡೆ ಮೂರು ಎಂದ, ಏಡಿ ನಾಲ್ಕು ಎಂದಳು, ಇಬ್ಬರೂ ಸರಿ, ಯಾಕೆಂದರೆ ಕೊಡೆ ತುಂಬಿ ತುಳುಕಿಸುತ್ತಾನೆ, ಅವಳು ಮುಕ್ಕಾಲಿಗೇ ಎತ್ತುತ್ತಾಳೆ. ಹಲಸು ಬಾಗಿಲಿನಿಂದ ಎದ್ದು ಬಂದದ್ದು ಯಾರೂ ನೋಡಲಿಲ್ಲ. ಅವಳ ಕೈಗೆ ಸಿಕ್ಕಿದ್ದು ಕಣ್ಣಿರುವ ಹೋಳು. ತೆಂಗಿನ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ, ಕೆರೆಯುವಾಗ ಅದು ತೂತಾಗಿತ್ತು. ತುಂಬುತ್ತಾಳೆ, ಎತ್ತುತ್ತಾಳೆ, ಬರಿದು. ಮತ್ತೆ ತುಂಬುತ್ತಾಳೆ. ನಾಲ್ಕನೆಯ ಸಲ ಗೆರಟೆಯನ್ನು ಮುಖದ ಮೇಲೆತ್ತಿ ತಳ ನೋಡಿದಳು, ಹನಿ ಮೂಗಿಗೆ ಬಿತ್ತು. ಬೆರಳಿಂದ ತೂತು ಒತ್ತಿದಳು. ನಿಂತಿತು. ಬೆರಳು ತೆಗೆದಳು.

"ನೀರ್ ಪೋಪುಂಡು," ಎಂದಳು, ಯಾರಿಗೋ ಅಲ್ಲ, ಗೆರಟೆಗೇ.

ಕೊಡೆ ತುಳುವಿನವನಲ್ಲ, ಅವರ ಮನೆಮಾತು ಮರಾಠಿ. ಆದರೂ ತನ್ನ ಗೆರಟೆ ಬಿಟ್ಟು ಅವಳ ತೂತಿಗೆ ಬೆರಳು ಕೊಟ್ಟ. ಮುಂದಿನ ಅರ್ಧ ಗಂಟೆ ಇಬ್ಬರೂ ಅದೇ ಕೆಲಸ. ಟೀಚರ್ ಸೋರುವ ಗೆರಟೆಯನ್ನು ಎಸೆದು ಒಳ್ಳೆಯದನ್ನು ಕೊಡಲು ಹೊರಟಿದ್ದರು, ಅಕ್ಕ ಕಣ್ಣಲ್ಲೇ ತಡೆದರು.

ಇಂಥ ಹೊತ್ತಿನಲ್ಲೇ ಯಾರಾದರೂ ಪೋಷಕರು ಬಂದು "ಇನ್ನೂ ಅ ಆ ಬರೆಸಲಿಲ್ಲವಾ?" ಎಂದು ಕೇಳುವುದು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಂದಿನಿಂದ ಅಂಗನವಾಡಿಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇವೆ. ಪಕ್ಕದಲ್ಲೇ ಎಲ್‌ಕೆಜಿಯ ವ್ಯಾನು ಹಾರ್ನು ಹೊಡೆಯುವಾಗ ಉತ್ತರ ಗಟ್ಟಿಯಾಗಿಯೇ ಇರಬೇಕು. ಮಣಿಕಟ್ಟು ಬಲಿಯದ ಕೈಗೆ ಬರೆಯುವ ಕಡ್ಡಿ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಆ ಹಿಡಿತ ಆಮೇಲೆ ಬಿಡಿಸುವುದು ಕಷ್ಟ. ನೀರು ಹೊಯ್ಯುವ, ಒದ್ದೆ ಬಟ್ಟೆ ಹಿಂಡುವ, ಹಿಟ್ಟು ಉಂಡೆ ಕಟ್ಟುವ ಕೈ ಅಕ್ಷರವನ್ನು ಬೇಗ ಹಿಡಿಯುತ್ತದೆ.

ಊಟಕ್ಕೆ ಮೊಟ್ಟೆ ಬಿರಿಯಾಣಿ. 2025ರ ಜೂನಿನಲ್ಲಿ ಕೇರಳ ಸರಕಾರ ಬದಲಿಸಿದ ಊಟದ ಪಟ್ಟಿಯಲ್ಲಿ ಇದು ಬಂತು, ಮಗುವೊಂದು ಉಪ್ಪಿಟ್ಟು ಬೇಡ, ಬಿರಿಯಾಣಿ ಬೇಕು ಎಂದ ವಿಡಿಯೋ ಊರೆಲ್ಲ ಹರಡಿದ ಮೇಲೆ. ನಾಲ್ಕು ಮಕ್ಕಳಿಗೆ ಒಂದು ಕುಡ್ತೆ ಅಕ್ಕಿಯ ಲೆಕ್ಕ, ಖಾರ ಹೆಸರಿಗೆ ಮಾತ್ರ. ಮೊಟ್ಟೆ ತಿನ್ನದ ಮನೆಯ ಮಕ್ಕಳು ಇಬ್ಬರಿದ್ದಾರೆ. ಅವರಿಗೆಂದು ಬೇರೆ ಪಾತ್ರೆ, ಬೇರೆ ಮೂಲೆ ಮಾಡಿದರೆ ಅವರು ಬೇರೆಯವರೇ ಆಗಿಬಿಡುತ್ತಾರೆ. ಅಕ್ಕನ ದಾರಿ ಸುಲಭ: ಮೊದಲು ಎಲ್ಲರಿಗೂ ತರಕಾರಿ ಹಾಕಿದ ಅನ್ನ, ಅದರಿಂದ ಎರಡು ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಹುರಿದ ಮೊಟ್ಟೆ. ತಟ್ಟೆ ಒಂದೇ ತರಹ, ಸಾಲು ಒಂದೇ. ತಟ್ಟೆ ಹಂಚುವ ಸರದಿ ಅಂದು ಕಾಗೆಯದು. ಬಂದವರು 15. ಅವಳು 17 ತಟ್ಟೆ ತಂದಳು, ಎರಡು ಕೈಯಲ್ಲೇ ಉಳಿಯಿತು, ಗೂಟದ ಕಡೆ ನೋಡಿ ಬ್ಯಾಗಿಲ್ಲದ ಎರಡು ಚಿತ್ರದ ಹೆಸರು ಹೇಳಿದಳು.

ಅನ್ನ ಬಡಿಸುವಾಗ ಐದು ಮಾತು ಕೇಳುತ್ತದೆ: ಕನ್ನಡದ ಅನ್ನ, ತುಳುವಿನ ನುಪ್ಪು, ಮಲಯಾಳದ ಚೋರ್, ಹವ್ಯಕರ ಅಶನ, ಮರಾಠಿಯ ಭಾತ. ಹವ್ಯಕರ ಮಗು, ತುಳುವರ ಮಗು ಅಂತ ಗುರುತು ಹಿಡಿಯಲು ಕಾಗದ ಬೇಡ, ಎರಡನೇ ಸಲ ಬೇಕೆನ್ನುವಾಗ ತಿಳಿಯುತ್ತದೆ. ಮೋಸ ಹೋಗುವುದೂ ಉಂಟು. ಇಲ್ಲಿನ ಮಲಯಾಳದಲ್ಲಿ ವಕಾರ ಬಕಾರವಾಗಿ ವೆಳ್ಳಂ, ಅಂದರೆ ನೀರು, ಬೆಳ್ಳಂ ಆಗುತ್ತದೆ. ಕೆಂಪು ಆಟೋ ಊಟದ ನಡುವೆ ಅದನ್ನು ಕೇಳಿದಾಗ ನನ್ನ ಕನ್ನಡದ ಕಿವಿಗೆ ಬೆಲ್ಲ ಎಂದೇ ಕೇಳಿಸಿತು. "ಊಟಕ್ಕೆ ಬೆಲ್ಲ ಯಾಕೆ ಮಗಾ?" ಎಂದೆ. ಅವನು ಬಿಕ್ಕಳಿಸುತ್ತ ಲೋಟ ತೋರಿಸಿದ.

ಮಲಗುವ ಹೊತ್ತಿಗೆ ಮಳೆ ಜೋರಾಯಿತು. ಚಾಪೆಗಳನ್ನು ಬೆಳಿಗ್ಗೆಯೇ ಒಲೆಯ ಕೋಣೆಯಲ್ಲಿ ಒರಗಿಸಿಟ್ಟದ್ದರಿಂದ ತಂಪು ಹಿಡಿದಿರಲಿಲ್ಲ. ಹಲಸು ನಿದ್ದೆ ಮಾಡಲಿಲ್ಲ, ಬೈರಾಸು ಮುಖಕ್ಕೆ ಹಾಕಿಕೊಂಡು ಕಣ್ಣು ಬಿಟ್ಟೇ ಮಲಗಿದ್ದಳು. 3.30ಕ್ಕೆ ಅಪ್ಪ ಬಂದರು.

ಎಲ್ಲರೂ ಹೋದ ಮೇಲೆ ಟೀಚರ್ ಒಂದು ನೋಟ್ ಪುಸ್ತಕದಲ್ಲಿ ಗೀಟು ಹಾಕಿ ಕೂತರು. ಎಡಗಡೆ ನೀರು, ಹಸಿವು, ನೋವು, ಮೂತ್ರ, ಬೇಡ, ಅಪ್ಪ, ಅಮ್ಮ. ಮೇಲೆ ಅಡ್ಡಕ್ಕೆ ಭಾಷೆಗಳು. ಅಕ್ಕ ಪಾತ್ರೆ ತಿಕ್ಕುತ್ತಲೇ ತುಳು ಸಾಲು ಹೇಳಿಕೊಟ್ಟರು: ಬೇಡಕ್ಕೆ ಬೊಡ್ಚಿ, ಹಸಿವಿಗೆ ಬಡವು. ಮಲಯಾಳ ಟೀಚರಿಗೇ ಗೊತ್ತು. ಮರಾಠಿಯ ಸಾಲಿನಲ್ಲಿ ಪಾಣಿ ಒಂದೇ ತುಂಬಿತು, ಉಳಿದದ್ದು ಖಾಲಿ. ನಾಳೆ ಬೆಳಿಗ್ಗೆ ಕೊಡೆಯನ್ನು ಬಿಡಲು ಬರುವ ಅವನ ಅಜ್ಜಿಯನ್ನು ಐದು ನಿಮಿಷ ಕೂರಿಸಿಕೊಳ್ಳಬೇಕು ಎಂದು ಅಂಚಿನಲ್ಲಿ ಬರೆದಿಟ್ಟರು.