ಬಟ್ಟಬಯಲಿನ ಚಿಂಕಾರ

ಬೇಟೆಗೆ ಎಲ್ಲಕ್ಕಿಂತ ಕಠಿಣವಾದ ಪ್ರಾಣಿ ಯಾವುದು ಎಂದರೆ ಹುಲಿ, ಚಿರತೆ, ಕಾಟಿ ಎನ್ನುವವರೇ ಹೆಚ್ಚು. ಅವು ಅಪಾಯದ ಪ್ರಾಣಿಗಳು, ನಿಜ. ಆದರೆ ಅಪಾಯ ಬೇರೆ, ಕಷ್ಟ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಕೋವಿಯ ಕಾಲ ಮುಗಿಯಿತು, ಮುಗಿದದ್ದೇ ಒಳ್ಳೆಯದಾಯಿತು. ಪ್ರಾಣಿಗೆ ಗೊತ್ತಾಗದಂತೆ ಹತ್ತಿರ ಸರಿಯುವ ವಿದ್ಯೆ ಮಾತ್ರ ಕ್ಯಾಮೆರಾ ಹಿಡಿದವರ ಪಾಲಿಗೆ ಉಳಿದಿದೆ. ಆ ವಿದ್ಯೆಯನ್ನು ಚಿಂಕಾರ ಎಂಬ ಪುಟ್ಟ ಹುಲ್ಲೆಯಷ್ಟು ಪರೀಕ್ಷೆಗೆ ಹಚ್ಚುವ ಪ್ರಾಣಿ ದಖ್ಖನ್ ಬಯಲಿನಲ್ಲಿ ಇನ್ನೊಂದಿಲ್ಲ. ಭುಜದ ಎತ್ತರ ಸುಮಾರು 65 ಸೆಂ.ಮೀ., ತೂಕ ಇಪ್ಪತ್ತು ಕಿಲೋದ ಆಸುಪಾಸು. ಮರೆ ಇಲ್ಲದ ಕಡೆಯಲ್ಲೇ ಅದು ಮೇಯುವುದರಿಂದ ನಮಗೂ ಮರೆ ಸಿಗುವುದಿಲ್ಲ.

ಪುಣೆಯಿಂದ ಸೊಲ್ಲಾಪುರ ರಸ್ತೆ ಹಿಡಿದು ಚೌಫುಲಾದಲ್ಲಿ ಬಲಕ್ಕೆ ತಿರುಗಿದರೆ ಸುಪೆ. ಪಕ್ಕದಲ್ಲೇ ಮಯೂರೇಶ್ವರ ಅಭಯಾರಣ್ಯ. ಮೋರಗಾಂವ್ ಗಣಪತಿಯ ಹೆಸರು ಹೊತ್ತ ಇದು ಐದು ಚದರ ಕಿ.ಮೀ.ಗಿಂತ ತುಸುವೇ ದೊಡ್ಡದು. ಜಾಲಿ, ಮೊಣಕಾಲೆತ್ತರದ ಒಣಹುಲ್ಲು, ಕೆಂಪು ಮೊರಡಿ. ಬಾಗಲಕೋಟೆ ಕಡೆಯ ಯಡಹಳ್ಳಿ ಚಿಂಕಾರ ಅಭಯಾರಣ್ಯ ಕಂಡವರಿಗೆ ಈ ನೆಲ ಹೊಸದೆನಿಸುವುದಿಲ್ಲ. ಅಭಯಾರಣ್ಯದೊಳಗೆ ದಾರಿ ಬಿಟ್ಟು ಇಳಿಯಬಾರದು. ಆದರೆ ಸುತ್ತಲಿನ ಬೀಳು ಹೊಲಗಳಲ್ಲೂ ಚಿಂಕಾರ ಮೇಯುತ್ತವೆ. ಹೊಲದವರನ್ನು ಕೇಳಿಕೊಂಡರೆ ಅಲ್ಲಿ ನಡೆದೇ ಹೋಗಬಹುದು.

ಜನವರಿಯ ಆ ಬೆಳಿಗ್ಗೆ ಮೂಡಣ ಗಾಳಿ ಮೆಲ್ಲಗೆ ಬೀಸುತ್ತಿತ್ತು. ಬೀಳಿನ ಆಚೆ ಬದಿಯಲ್ಲಿ ಮೂರು ಚಿಂಕಾರ, ಒಂದು ಗಂಡು, ಎರಡು ಹೆಣ್ಣು. ಕೋಡು ಎರಡಕ್ಕೂ ಇರುತ್ತದೆ. ಗಂಡಿನದು ಉದ್ದ, ಉಂಗುರ ಉಂಗುರ. ಹೆಣ್ಣಿನದು ಗಿಡ್ಡ, ಸಣಕಲು. ಜೊತೆಗಿದ್ದ ಹುಡುಗ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೇರ ಹೊರಡಲು ಅವಸರ ಮಾಡಿದ.

“ಕಾಕಾ, ಬೆಳಕು ಬೆನ್ನಿಗೈತಿ. ಇಲ್ಲಿಂದನ ಹೋಗೂಣು.”

ವಿಜಯಪುರ ಕಡೆಯ ಹಿರಿಯರು ಒಂದು ಚಿಟಿಕೆ ಮಣ್ಣು ಎತ್ತಿ ಬಿಟ್ಟರು. ಧೂಳು ಚಿಂಕಾರದ ಕಡೆಗೇ ಹೋಯಿತು. “ಗಾಳೀನೂ ಬೆನ್ನಿಗೇ ಐತಲ್ಲೋ ತಮ್ಮಾ. ನಮಗಿಂತ ಮೊದಲ ನಮ್ಮ ವಾಸನಿ ಹೋಗಿ ಮುಟ್ಟತೈತಿ.”

ಚಳಿಗಾಲದಲ್ಲಿ ಈ ಸೀಮೆಯ ದೊಡ್ಡ ತೊಡಕು ಇದೇ. ಫೋಟೊಗೆ ಬೇಕಾದ ಬೆಳಕೂ ಮೂಡಣದ್ದು, ಗಾಳಿಯೂ ಮೂಡಣದ್ದು. ಬೆಳಕಿಗೆ ಒಲಿದರೆ ವಾಸನೆ ಕೊಡುತ್ತೀರಿ, ಗಾಳಿಗೆ ಒಲಿದರೆ ಸೂರ್ಯ ಲೆನ್ಸಿಗೆ ಹೊಡೆಯುತ್ತಾನೆ. ಇದಕ್ಕಿರುವ ದಾರಿ ಉತ್ತರದಿಂದಲೋ ದಕ್ಷಿಣದಿಂದಲೋ ಸುತ್ತಿ ಬರುವುದು. ಆಗ ಬೆಳಕು ಒಂದು ಮಗ್ಗುಲಿಗೆ ಬೀಳುತ್ತದೆ, ಗಾಳಿ ಅಡ್ಡ ಹಾಯುತ್ತದೆ. ಸುತ್ತು ದೊಡ್ಡದು, ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಆ ಅರ್ಧ ಗಂಟೆ ಉಳಿಸಲು ಹೊರಟವರಿಗೆ ಸಿಗುವುದು ಓಡುವ ಪ್ರಾಣಿಯ ಬೆನ್ನು ಮಾತ್ರ.

ಗಾಳಿ ಅಡ್ಡವಾದರೂ ಚಿಂಕಾರದ ಕಣ್ಣು ಉಳಿದೇ ಇರುತ್ತದೆ, ನಿಜವಾದ ಎದುರಾಳಿ ಅದೇ. ಬಟ್ಟೆ ಒಣಹುಲ್ಲಿನ ಬಣ್ಣದ್ದಿರಲಿ. ಕಾಡಿಗೆಂದು ಕೊಂಡ ಗಾಢ ಹಸಿರು ಈ ಬಯಲಿನಲ್ಲಿ ದೂರಕ್ಕೇ ಕಾಣುತ್ತದೆ. ಮನುಷ್ಯನ ಆಕಾರ ದಿಗಂತದ ಗೆರೆಯ ಮೇಲೆ ಎದ್ದು ಕಾಣಬಾರದು, ಹಾಗಾಗಿ ದಿಬ್ಬದ ನೆತ್ತಿ ದಾಟುವಾಗ ಕೂತೇ ಸರಿಯಬೇಕು. ಪ್ರಾಣಿಯತ್ತ ಮುಖ ಮಾಡಿ ನೇರ ನಡೆಯಬೇಡಿ. ಬೇರೆಲ್ಲಿಗೋ ಹೊರಟವರಂತೆ ಓರೆಯಾಗಿ ಸಾಗಿ. ತಲೆ ತಗ್ಗಿಸಿ ಮೇಯುವಾಗ ಸರಿಯುವುದು, ತಲೆ ಎತ್ತಿದಾಗ ಕಲ್ಲಾಗುವುದು. ಕಪ್ಪು ಬಾಲ ಎಂದಿನಂತೆ ಪಟಪಟ ಆಡುತ್ತಿದ್ದರೆ ಭಯವಿಲ್ಲ. ಮುಂಗಾಲು ನೆಲಕ್ಕೆ ಅಪ್ಪಳಿಸಿ, ಮೂಗಿನಿಂದ ಸೀನಿದಂತೆ ಸದ್ದು ಮಾಡಿತೆಂದರೆ ಅದು ಎಚ್ಚರಿಕೆ. ಅಲ್ಲೇ ಕೂತುಬಿಡಬೇಕು. ಇನ್ನೊಂದು ಹೆಜ್ಜೆ ಇಟ್ಟರೆ ಓಡುತ್ತದೆ, ಇನ್ನೂರು ಮುನ್ನೂರು ಮೀಟರ್ ಹೋಗಿ ನಿಂತು ಹಿಂತಿರುಗಿ ನೋಡುತ್ತದೆ. ಆ ನೋಟವನ್ನು ಕರೆ ಎಂದು ತಿಳಿದು ಹಿಂಬಾಲಿಸುವುದೇ ಹೊಸಬರ ತಪ್ಪು. ಎರಡನೇ ಸಲ ಎದ್ದ ಚಿಂಕಾರ ಆ ಬೆಳಿಗ್ಗೆ ಮತ್ತೆ ಹತ್ತಿರ ಬಿಡುವುದಿಲ್ಲ.

ಎಷ್ಟು ಹತ್ತಿರ ಬೇಕು ಎಂಬುದಕ್ಕೆ ಲೆಕ್ಕವಿದೆ. ಫುಲ್ ಫ್ರೇಮ್ (24 ಎಂ.ಎಂ. ಎತ್ತರದ ಸೆನ್ಸರಿನ) ಕ್ಯಾಮೆರಾ, 500 ಎಂ.ಎಂ. ಲೆನ್ಸ್, ದೂರ 100 ಮೀಟರ್ ಇದ್ದರೆ 65 ಸೆಂ.ಮೀ. ಎತ್ತರದ ಪ್ರಾಣಿ ಸೆನ್ಸರಿನ ಮೇಲೆ ಸುಮಾರು 3.25 ಎಂ.ಎಂ. ಬೀಳುತ್ತದೆ, ಅಂದರೆ ಚಿತ್ರದ ಎತ್ತರದ ಏಳನೆಯ ಒಂದು ಪಾಲು. 50 ಮೀಟರಿಗೆ ಬಂದರೆ ಕಾಲು ಪಾಲು ದಾಟುತ್ತದೆ. ಬಯಲು, ಹುಲ್ಲು, ಆಕಾಶ ಎಲ್ಲ ಕಾಣಬೇಕೆನ್ನುವವರಿಗೆ ನೂರು ಮೀಟರೇ ಸಾಕು. ನನಗೂ ಅಂಥ ಚಿತ್ರವೇ ಇಷ್ಟ. ನಿಂತ ಪ್ರಾಣಿಗೆ ಶಟರ್ 1/1000 ಸೆಕೆಂಡ್, ಓಡುವುದಕ್ಕೆ 1/2000. ಕಾರಿನಿಂದಲೇ ತೆಗೆಯುವುದಾದರೆ ಕಿಟಕಿಯ ಮೇಲೆ ಸಜ್ಜೆ ತುಂಬಿದ ಎರಡು ಕಿಲೋ ಚೀಲ ಇಟ್ಟು ಲೆನ್ಸ್ ಊರಿ, ಎಂಜಿನ್ ಪೂರ್ತಿ ಆರಿಸಬೇಕು. ಆನ್ ಇದ್ದರೆ ಅದರ ನಡುಕ ಚಿತ್ರದಲ್ಲಿ ಬರುತ್ತದೆ.

ಬಿಸಿಲೇರಿದ ಮೇಲೆ ನೆಲದಿಂದ ಝಳ ಎದ್ದು ದೂರದ ಕಾಲುಗಳೆಲ್ಲ ನೀರಿನಲ್ಲಿ ಅಲುಗಿದಂತೆ ಕಾಣತೊಡಗುತ್ತವೆ. ಚಳಿಗಾಲದಲ್ಲಿ ಹತ್ತರ ಹೊತ್ತಿಗೆ, ಬೇಸಿಗೆಯಲ್ಲಿ ಅದಕ್ಕೂ ಮೊದಲೇ. ಎಷ್ಟು ಬೆಲೆಯ ಲೆನ್ಸೂ ಅದನ್ನು ಸರಿಮಾಡದು. ದೂರ ತಗ್ಗಿಸಬೇಕು, ಇಲ್ಲವೇ ಕ್ಯಾಮೆರಾ ಚೀಲಕ್ಕೆ ಹಾಕಬೇಕು. ಎರಡನೆಯದೇ ಸರಿ.

ಚಿಂಕಾರದ ನಂತರದ ಸ್ಥಾನ ನನ್ನ ಪ್ರಕಾರ ತೋಳದ್ದು. ಇಂದಾಪುರ ಕಡೆಯ ಕಡಬನವಾಡಿ ಬಯಲಿನಲ್ಲಿ ತೋಳವನ್ನು ಹುಡುಕಿ ಹೋಗುವುದಕ್ಕಿಂತ ಧನಗರರ ಕುರಿಹಿಂಡು ಹಾಯುವ ದಾರಿಯ ಆಸುಪಾಸಿನಲ್ಲಿ ಬೆಳಕು ಹರಿಯುವ ಮೊದಲೇ ಒಂದೆಡೆ ಕೂರುವುದು ಮೇಲು. ಅಲ್ಲಿ ಕಾಲಿಗಿಂತ ತಾಳ್ಮೆ ಕೆಲಸ ಮಾಡುತ್ತದೆ. ಚಳಿಗಾಲ ಮರಿ ಹಾಕುವ ಕಾಲವಾದ್ದರಿಂದ ಗವಿಯ ಸುಳಿವು ಸಿಕ್ಕರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಕಾಡುಹಂದಿಯ ಕಣ್ಣು ಮಂದ, ಮೂಗು ಚುರುಕು. ಗಾಳಿ ಸರಿಯಿದ್ದರೆ ಅದು ಕಷ್ಟವಲ್ಲ, ಆದರೆ ಮರಿಗಳ ಜೊತೆಗಿನ ತಾಯಿ ಅಪಾಯ. ಜುನ್ನರ್ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ವಾಸಿಸುವ ಚಿರತೆಯ ಮಾತೇ ಬೇರೆ. ವರ್ಷವಿಡೀ ನಿಂತ ಕಬ್ಬಿನೊಳಗೆ ಕಾಲ್ನಡಿಗೆಯಲ್ಲಿ ಯಾರೂ ನುಗ್ಗಬಾರದು. ಅದನ್ನು ದಾಖಲಿಸುವುದು ಅರಣ್ಯ ಇಲಾಖೆಯ ಅನುಮತಿಯಿಂದ ಇಟ್ಟ, ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್. ಸುಮಾರು ಮೊಣಕಾಲೆತ್ತರದಲ್ಲಿ, ದಾರಿಯ ಎರಡೂ ಬದಿಗೆ ಒಂದೊಂದು ಇಡುತ್ತಾರೆ, ಏಕೆಂದರೆ ಯಾವ ಚಿರತೆ ಎಂದು ಗುರುತಿಸುವುದು ಮಚ್ಚೆಯಿಂದ, ಎಡ ಮೈಯ ಮಚ್ಚೆಯ ವಿನ್ಯಾಸ ಬಲ ಮೈಯಲ್ಲಿರುವುದಿಲ್ಲ.

ಚಿಂಕಾರಕ್ಕೆ ನಮ್ಮ ಅವಸರದ ಬೆಲೆ ದೊಡ್ಡದು. ನಾವು ಎಬ್ಬಿಸಿದ ಪ್ರಾಣಿ ಡಾಂಬರು ರಸ್ತೆಗೂ ನುಗ್ಗಬಹುದು, ಊರ ನಾಯಿಗಳ ಗುಂಪಿಗೂ ಸಿಕ್ಕಬಹುದು. ಹುಲ್ಲಿನ ಮೇಲೆ ಜೀಪು ಹಾಯಿಸುವವರ ಚಕ್ರಕ್ಕೆ ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭದ ಗೂಡು ಸಿಕ್ಕರೂ ಅವರಿಗೆ ತಿಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಟ್ಯಾಂಕರಿನಿಂದ ತುಂಬಿಸುವ ನೀರಿನ ಹೊಂಡದ ಬಳಿ ಕಾದು ಕೂರುವುದನ್ನು ಸಾಹಸ ಎನ್ನಲು ನಾನು ಒಪ್ಪುವುದಿಲ್ಲ. ಬಾಯಾರಿದ ಪ್ರಾಣಿ ನಮ್ಮನ್ನು ಕಂಡು ನೀರು ಮುಟ್ಟದೆ ತಿರುಗುತ್ತದೆ. ಚಿತ್ರ ಹಂಚುವ ಮೊದಲು ಫೋನು, ಕ್ಯಾಮೆರಾ ಎರಡರಲ್ಲೂ ಜಿಪಿಎಸ್ ಗುರುತು ಅಳಿಸಿ. ‘ಪುಣೆ ಜಿಲ್ಲೆ’ ಎಂದಷ್ಟೇ ಬರೆದರೆ ಸಾಕು. ಹೊಲದ ಹೆಸರು ಬೇಕಿರುವುದು ಕಳ್ಳಬೇಟೆಯವರಿಗೆ.